ಶೈಲಮ್ಮನ ಕರಡಿಗೆ

ಜೆರ್ಸಿ ಸಿಟಿ,
೧೭ ನವೆಂಬರ್ ೨೦೦೦, ಶುಕ್ರವಾರ

ಗೆಳೆಯ ಪಂಚಾಕ್ಷರಿಗೆ ಅಮರೇಶ್ವರನ ಶರಣು.

"ಹಂಗಾರ ಅಲ್ಲೆ ಟಿಕೀಟು ಕೇಳಾವರಽ ಇಲ್ಲೇನು?" ಎಂದು ನಿನ್ನೆ ನೀನು ಕೇಳಿದೆ, ನಾನು "ಇದ್ದಾರಪಾ, ಆದರ" ಎನ್ನುವಷ್ಟರಲ್ಲಿ ಫೋನ್ ಕಾರ್ಡು ಮುಗಿಯಿತು. ಆ ಆದರೆಯಿಂದಲೇ ಶುರು ಮಾಡುತ್ತೇನೆ.

ಇದ್ದಾರೆ. ಆದರೆ ಯಾವಾಗ ಬರುತ್ತಾರೋ ಯಾರಿಗೂ ಗೊತ್ತಿಲ್ಲ. ಇಲ್ಲಿಯ ಟ್ರಾಮಿಗೆ ಗೇಟಿಲ್ಲ, ಕಂಡಕ್ಟರಿಲ್ಲ, ಸೀಟಿ ಊದುವವರಿಲ್ಲ. ನಿಲ್ದಾಣದಲ್ಲಿ ಒಂದು ಯಂತ್ರದಿಂದ ಟಿಕೆಟ್ ತೆಗೆಯಬೇಕು. ಪಕ್ಕದ ಇನ್ನೊಂದು ಸಣ್ಣ ಯಂತ್ರದ ಬಾಯಿಗೆ ಅದನ್ನು ತೂರಿಸಿದರೆ ಟಕ್ ಎಂದು ತಾರೀಖು, ಗಂಟೆ ಒತ್ತುತ್ತದೆ. ಒತ್ತಿಸಿದರೆ ಮಾತ್ರ ಅದು ಟಿಕೆಟ್ಟು. ಇಲ್ಲವಾದರೆ ಕೊಂಡೂ ಕೊಳ್ಳದ ಹಾಗೆ. ಇದೇ ಏಪ್ರಿಲ್‌ನಲ್ಲಿ ಶುರುವಾದದ್ದಂತೆ, ಗಾಡಿಯೊಳಗೆ ಇನ್ನೂ ಹೊಸ ರೆಕ್ಸಿನ್ನಿನ ವಾಸನೆ. ಓಣಿಯ ನಡುವೆಯೇ ಹಳಿ ಹಾಕಿದ್ದಾರೆ. ಮನೆಗಳ ಮೆಟ್ಟಿಲಿಗೆ ತಾಗುತ್ತದೇನೋ ಎನ್ನುವ ಹಾಗೆ ಗಂಟೆ ಬಾರಿಸುತ್ತ ಹೋಗುತ್ತದೆ. ಇಲ್ಲಿಯವರು ಲೈಟ್ ರೈಲ್ ಎನ್ನುತ್ತಾರೆ, ನಾನು ಟ್ರಾಮು ಎನ್ನುತ್ತೇನೆ. ಶೈಲಮ್ಮ ಓಣಿ ರೈಲು ಎನ್ನುತ್ತಿದ್ದಳು.

ನಿನ್ನ ಸಂತಾಪದ ಪತ್ರ ಬಂದು ತಿಂಗಳು ಮೀರಿತು. ಉತ್ತರ ಬರೆಯಲಿಲ್ಲವೆಂದು ತಪ್ಪು ತಿಳಿಯಬೇಡ. ಮನೆಯಲ್ಲಿ ಪೆನ್ನು ಹಿಡಿದರೆ ಅಕ್ಷಯಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು, "ಯಾರಿಗ್ರಿ ಅಪ್ಪಾ, ಪಂಚಾಕ್ಷರಿ ಕಾಕಾಗೇನು? ಕಡೀಕ ಸ್ವಲ್ಪ ಜಾಗಾ ಬಿಡ್ರಿ, ನಾನೂ ಬರೀತೀನಿ" ಎನ್ನುತ್ತಾಳೆ. ನಾನು ಬರೆಯಬೇಕಾದದ್ದು ಅವಳ ಕಣ್ಣಿಗೆ ಬೀಳಬಾರದು. ಫೋನೂ ಅವಳ ಎದುರಿಗೇ. ಅದಕ್ಕೇ ನಿನ್ನೆ ಬರೀ ಟ್ರಾಮಿನ ಸುದ್ದಿ ಹೇಳುತ್ತ ಹೋದೆ. ಹೆಂಡತಿ ಸತ್ತು ಇನ್ನೂ ಬಹಳ ದಿನ ಆಗಿಲ್ಲ, ಇವನಿಗೆ ರೈಲಿನ ಹುಚ್ಚು ನೋಡು ಎಂದು ನಿನಗೆ ಅನ್ನಿಸಿರಬೇಕು.

ಈಗ ಡ್ಯಾನ್‌ಫರ್ತ್ ಅವೆನ್ಯೂ ಎಂಬ ನಿಲ್ದಾಣದ ಬೆಂಚಿನ ಮೇಲೆ ಅಳಿಯನ ದಪ್ಪ ಕೋಟು ತೊಟ್ಟು ಕೂತಿದ್ದೇನೆ. ಒಂದು ಟ್ರಾಮು ಬಂತು, ಬಾಗಿಲು ತೆರೆಯಿತು, ನಾನು ಏಳಲಿಲ್ಲ, ಹೋಯಿತು.

ವಿಷಯ ಇದು. ಶೈಲಮ್ಮ ಲಿಂಗವಿಲ್ಲದೆ ಮಣ್ಣು ಸೇರಿದ್ದಾಳೆ. ಬರುವ ಬುಧವಾರ ನನ್ನ ವಿಮಾನ. ಅಷ್ಟರೊಳಗೆ ಅವಳ ಲಿಂಗ ಅವಳಿಗೆ ಮುಟ್ಟಬೇಕಿತ್ತು.

ನೀನು ಹಿರೇಮಠದ ಅಯ್ಯ, ನಿನಗೆ ನಾನು ಬಿಡಿಸಿ ಹೇಳಬೇಕೇ? ತೊಟ್ಟಿಲಲ್ಲಿ ಕಟ್ಟಿದ ಲಿಂಗ ಮಣ್ಣಿನವರೆಗೂ ಮೈಮೇಲಿರಬೇಕು. ಕೊನೆಗೆ ಎಡ ಅಂಗೈಯಲ್ಲಿ ಹಿಡಿದುಕೊಂಡು ಹೋಗಬೇಕು. ಒಬ್ಬರದು ಇನ್ನೊಬ್ಬರಿಗೆ ಸಲ್ಲುವುದಿಲ್ಲ. ಊರಲ್ಲಿ ಎಷ್ಟೋ ಮಂದಿಯ ತಣ್ಣನೆಯ ಬೆರಳುಗಳನ್ನು ನೀನೇ ಮಡಿಸಿ ಲಿಂಗ ಹಿಡಿಸಿದ್ದೀ. ಅವರ ಶಿವಗಣಾರಾಧನೆಯ ಕಾರ್ಡುಗಳನ್ನು ನಾನು ನನ್ನ ಪ್ರೆಸ್ಸಿನಲ್ಲಿ ಒತ್ತಿಕೊಟ್ಟಿದ್ದೇನೆ. ಗದಗಿನಲ್ಲಿ ಇಂಥ ತಪ್ಪು ಮೂಢನೂ ಮಾಡಲಾರ.

ನಿನಗೆ ಗೊತ್ತಿರುವಂತೆ ಜೂನ್‌ನಲ್ಲಿ ನಾವಿಬ್ಬರೂ ಅಕ್ಷಯಾಳ ಬಾಣಂತನಕ್ಕೆ ಬಂದೆವು. ಆಗಸ್ಟಿನಲ್ಲಿ ಮೊಮ್ಮಗ ಅಭಿನವ್ ಹುಟ್ಟಿದ. ಶೈಲಮ್ಮ ಅಂಟಿನ ಉಂಡೆ ಕಟ್ಟಿದಳು, ಶುಂಠಿ ಪುಡಿ ಮಾಡಿದಳು, ಈ ಮನೆಯಲ್ಲಿ ಹೊಗೆಯ ವಾಸನೆಗೂ ಕೂಗುವ ಒಂದು ಯಂತ್ರವಿದೆ, ಅದರ ಜೊತೆ ದಿನಾ ಜಗಳವಾಡಿದಳು. ಸೆಪ್ಟೆಂಬರಿನ ಒಂದು ಬೆಳಗ್ಗೆ ಹಾಲು ಒಲೆಯ ಮೇಲಿಟ್ಟು, "ಎದಿ ಹಿಡದಂಗ ಆಗೇತ್ರಿ, ಹಾಲಿನ ಕಡೆ ನೋಡ್ರಿ" ಎಂದು ಕುರ್ಚಿಗೆ ಕೂತಳು. ನಾನು ಹಾಲು ನೋಡಿದೆ. ತಿರುಗಿ ಅವಳನ್ನು ನೋಡುವ ಹೊತ್ತಿಗೆ ಅವಳಿರಲಿಲ್ಲ.

ಊರಿಗೆ ಒಯ್ಯಬೇಕೆಂದರೆ ಮೈಯೊಳಗೆ ಔಷಧಿ ತುಂಬಬೇಕಂತೆ, ಕಾಗದಪತ್ರಕ್ಕೆ ವಾರ ಹಿಡಿಯುವುದಂತೆ. ಬೆಂಕಿಗೆ ಕೊಡುವ ಮಾತು ನಮ್ಮಲ್ಲಿ ಇಲ್ಲ. ಇಲ್ಲಿಯೇ ಮಣ್ಣು ಮಾಡಿದೆವು. ಅಳಿಯ ಮೃತ್ಯುಂಜಯ ಪಾಪ, ನದಿಯಾಚೆ ಬ್ಯಾಂಕಿನ ಕಂಪ್ಯೂಟರ್ ಕೆಲಸ ಬಿಟ್ಟು ಓಡಾಡಿದ. ನಮ್ಮ ಪದ್ಧತಿಯಂತೆ ಕೂತ ಭಂಗಿಯಲ್ಲಿ ಕೂಡಿಸಿ ಇಡಬೇಕು ಎಂದು ನಾನು ಕೇಳಿಕೊಂಡೆ. ಶವಸಂಸ್ಕಾರ ಮಾಡಿಸುವ ಕಂಪನಿಯ ಸೂಟು ತೊಟ್ಟ ಮನುಷ್ಯ ಬಹಳ ಮರ್ಯಾದೆಯಿಂದ ಆಗುವುದಿಲ್ಲ ಎಂದ. ಉದ್ದನೆಯ ಪೆಟ್ಟಿಗೆಯಲ್ಲಿ ಮಲಗಿಸಿದರು. ಕನ್ನಡ ಕೂಟದ ಬದರಿ ಎನ್ನುವವರು, ಒಳ್ಳೆಯ ಮನುಷ್ಯ, ವೈಷ್ಣವರು, ನಮ್ಮ ಜೊತೆ ನಿಂತು 'ಓಂ ನಮಃ ಶಿವಾಯ' ಎಂದರು. ಬಿಲ್ವಪತ್ರೆ ಸಿಗಲಿಲ್ಲ. ನಾನು ಹಣೆಗೆ ವಿಭೂತಿ ಹಚ್ಚಿದೆ. ಕೈಗಳ ಮೇಲೆ ಸೆರಗು ಹೊದಿಸಿದ್ದರು. ಸೆರಗಿನ ಕೆಳಗೆ ಲಿಂಗವಿದೆ ಎಂದುಕೊಂಡೆ. ಎತ್ತಿ ನೋಡಲಿಲ್ಲ. ಯಾರಾದರೂ ಎತ್ತಿ ನೋಡುತ್ತಾರೆಯೇ?

ಆ ಸೂಟಿನವರು ಕೊಟ್ಟ ಒಂದು ಬಟ್ಟೆಯ ಚೀಲ ಕಪಾಟಿನಲ್ಲಿ ಬಿದ್ದಿತ್ತು. ಬಳೆ, ಕಾಲುಂಗುರ, ತಾಳಿ ಎಂದು ಯಾರೂ ಮುಟ್ಟಿರಲಿಲ್ಲ. ದೀಪಾವಳಿಯ ಹಿಂದಿನ ದಿನ, ಅಕ್ಷಯಾ ಮಲಗಿದ್ದಾಗ, ನನಗೆ ಅವಳ ಕಾಲುಂಗುರ ನೋಡಬೇಕೆನಿಸಿತು. ಚೀಲ ಬಿಚ್ಚಿದೆ. ಬೆಳ್ಳಿಯ ಕರಡಿಗೆ ಕೈಗೆ ಬಂತು. ಶಿವದಾರದ ಸಮೇತ. ತೆರೆದರೆ ಒಳಗೆ ಲಿಂಗ.

ಒಡವೆಯೆಂದು ತಿಳಿದು ಅವರು ಕಳಚಿರಬೇಕು. ಅವರಿಗೇನು ಗೊತ್ತು?

ಅಂದಿನಿಂದ ಎದೆಯ ಮೇಲೆ ನನ್ನದು, ಅಂಗಿಯ ಜೇಬಿನಲ್ಲಿ ಅವಳದು. ಅಕ್ಷಯಾಗೆ ಹೇಳಲಿಲ್ಲ. ಹಸಿ ಬಾಣಂತಿ, ತಾಯಿ ಹೋದ ದುಃಖದಲ್ಲೇ ಹಾಲು ಕಡಿಮೆಯಾಗಿದೆ, ಇದನ್ನೂ ಕೇಳಿದರೆ ಬತ್ತಿಯೇ ಹೋದೀತು. ಮೃತ್ಯುಂಜಯನಿಗೆ ಹೇಳಿದರೆ ಅವನಿಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ, ಸಂಜೆಗೆ ಹೆಂಡತಿಗೆ ಹೇಳಿರುತ್ತಾನೆ. "ಸ್ವಲ್ಪ ಅಡ್ಡಾಡಿ ಬರತೀನವಾ" ಎಂದು ಹೇಳಿ ದಿನಾ ಟ್ರಾಮು ಹತ್ತುತ್ತೇನೆ. ವ್ಯಾಯಾಮ ಎಂದುಕೊಂಡಿದ್ದಾಳೆ.

ಮಣ್ಣಿಗೆ ಕಾರಿನಲ್ಲಿ ಹೋಗಿದ್ದೆವು. ಟ್ರಾಮಿನಲ್ಲಿ ಹೋಗುವ ದಾರಿ ನಾನೇ ಹುಡುಕಬೇಕಾಯಿತು. ಇಲ್ಲೊಂದು ತಮಾಷೆ ಕೇಳು. ಜುಲೈಯಲ್ಲಿ ನಾವಿಬ್ಬರೂ ಸಂಜೆಯ ಹೊತ್ತು ಈ ಟ್ರಾಮಿನಲ್ಲಿ ನದಿಯ ದಂಡೆಯ ಪಾರ್ಕಿಗೆ ಹೋಗುತ್ತಿದ್ದೆವು. ನಾನು ನಕ್ಷೆಯ ಮುಂದೆ ನಿಂತು ನಿಲ್ದಾಣಗಳ ಹೆಸರು ಓದುತ್ತಿದ್ದೆ. ಓದಿ ಮುಗಿಸುವುದರೊಳಗೆ ಗಾಡಿ ಬಿಟ್ಟು ಹೋಗಿರುತ್ತಿತ್ತು. "ಕಾಲೇಜ ತನಕಾ ಓದಿದ್ದು ಬೋರ್ಡ್ ಓದೂದರಾಗಽ ಮುಗೀತು ನಿಮ್ದು" ಎಂದು ನಗುತ್ತಿದ್ದಳು. "ನೀವು ಓದ್ಕೋತ ಕುಂದರ್ರಿ, ನಾ ಹೊರಗ ನೋಡತೀನಿ." ಅವಳು ನೋಡುತ್ತಿದ್ದಳು. ನದಿಯ ಮಗ್ಗುಲಿನ ದೊಡ್ಡ ಗಡಿಯಾರ, ಹಳೇ ಟೈರು ಗುಡ್ಡೆ ಹಾಕಿದ ಅಂಗಡಿ, ಕೆಂಪು ಇಟ್ಟಿಗೆಯ ಚರ್ಚು. "ಏಳ್ರಿ, ಬಂತು" ಎಂದರೆ ಬಂದಿರುತ್ತಿತ್ತು. ನಾನು ಏಳುತ್ತಿದ್ದೆ. ಒಂದು ದಿನವೂ ಕಿಟಕಿಯಾಚೆ ನೋಡಿದವನಲ್ಲ. ಹೆಸರುಗಳು ನನಗೆ ಬಾಯಿಪಾಠ, ದಾರಿ ಅವಳ ಬಳಿ ಇತ್ತು.

ಹಾಗಾಗಿ ಮೊದಲ ದಿನವೇ ತಪ್ಪಿದೆ. ಆ ಪಾರ್ಕಿನ ನಿಲ್ದಾಣ ದಾಟಿದ ಮೇಲೆ ಹಳಿ ಎರಡಾಗಿ ಒಡೆಯುತ್ತದೆ. ಒಂದು ಬಯೋನ್ ಕಡೆಗೆ, ಅದೇ ಶೈಲಮ್ಮನ ಕಡೆಗೆ. ಇನ್ನೊಂದು ವೆಸ್ಟ್ ಸೈಡ್ ಎಂಬಲ್ಲಿಗೆ. ಗಾಡಿಯ ಹಣೆಯ ಮೇಲೆ ಬರೆದಿರುತ್ತದೆ, ಆದರೆ ಹಿಂದಿನಿಂದ ಹತ್ತಿದವನಿಗೆ ಹಣೆ ಎಲ್ಲಿ ಕಾಣಬೇಕು? ಎಲ್ಲರೂ ಇಳಿದು ಹೋದರು. ನಾನೊಬ್ಬನೇ ಉಳಿದೆ. ಡ್ರೈವರ್ ತನ್ನ ಗೂಡಿನಿಂದ ಹೊರಬಂದು, "ಲಾಸ್ಟ್ ಸ್ಟಾಪ್, ಪಾಪ್" ಎಂದ. ಇಲ್ಲಿ ಮುದುಕರಿಗೆಲ್ಲ ಪಾಪ್ ಎನ್ನುತ್ತಾರೆ. ನನಗೆ ನಮ್ಮ ಇಂಗ್ಲಿಷ್ ಪ್ರೊಫೆಸರರ ಪಾಠವೆಲ್ಲ ಒಟ್ಟಿಗೆ ನುಗ್ಗಿ ಬಂತು. "ಸರ್, ಐ ಯಾಮ್ ಎ ಸ್ಟ್ರೇಂಜರ್ ಟು ದಿಸ್ ಪ್ಲೇಸ್" ಎಂದೆ. "ಮೀ ಟೂ" ಎಂದು ಅವನು ಸಿಗರೇಟು ಹಚ್ಚಿಕೊಂಡ.

ಇನ್ನೊಂದು ದಿನ ಟಿಕೆಟ್ ಕೇಳುವ ಹೆಂಗಸು ಸಿಕ್ಕಳು. ಕಪ್ಪು ಹೆಂಗಸು, ನಮ್ಮ ಎತ್ತರಕ್ಕೂ ಮೇಲೆ ಒಂದು ಕೈ. ನನ್ನಲ್ಲಿ ಟಿಕೆಟ್ ಇತ್ತು, ಒತ್ತಿಸಿರಲಿಲ್ಲ. ಜೇಬಿನಲ್ಲಿ ಕರಡಿಗೆ ಇಟ್ಟುಕೊಂಡವನಿಗೆ ಯಂತ್ರದ ನೆನಪೆಲ್ಲಿ ಬರಬೇಕು? ಅವಳು ಟಿಕೆಟ್ಟನ್ನು ತಿರುಗಿಸಿ ನೋಡಿ, "ವೇರ್ ಯೂ ಗೋಯಿಂಗ್, ಪಾಪ್?" ಎಂದಳು. ನನಗೆ ಅರ್ಜಿ ಬರೆಯುವ ಇಂಗ್ಲಿಷ್ ಬಿಟ್ಟರೆ ಬೇರೆ ಬರಲೊಲ್ಲದು.

"ಮೇಡಂ, ಐ ಬೆಗ್ ಟು ಸ್ಟೇಟ್ ದಟ್ ಮೈ ವೈಫ್ ಈಸ್ ರಿಸೈಡಿಂಗ್ ಅಟ್ ಡ್ಯಾನ್‌ಫರ್ತ್ ಅವೆನ್ಯೂ."

"ಷೀ ಕಮಿಂಗ್ ಟು ಪಿಕ್ ಯೂ ಅಪ್?"

"ನೋ ಮೇಡಂ. ಷೀ ಈಸ್ ನಾಟ್ ಏಬಲ್."

ದಂಡದ ಚೀಟಿ ಬರೆಯುತ್ತಾಳೆ ಎಂದುಕೊಂಡೆ. ಮುಂದಿನ ನಿಲ್ದಾಣದಲ್ಲಿ ನನ್ನ ಜೊತೆ ಕೆಳಗಿಳಿದು, ತಾನೇ ಟಿಕೆಟ್ಟನ್ನು ಯಂತ್ರಕ್ಕೆ ತೂರಿಸಿ ಒತ್ತಿಸಿ ಕೊಟ್ಟಳು. "ಟೆಲ್ ಯುವರ್ ವೈಫ್ ಐ ಸೆಡ್ ಹಾಯ್" ಎಂದಳು.

ಹೇಳಿದೆ. ಅಲ್ಲಿ ಹೋಗಿ ನಿಂತು, ಆ ಹೆಂಗಸು ಹಿಂಗಂದಳು ನೋಡು ಎಂದು ಹೇಳಿದೆ. ಬಿಕ್ಕಿ ಬಿಕ್ಕಿ ಅತ್ತೆ.

ಎರಡನೆಯ ಟ್ರಾಮೂ ಹೋಯಿತು. ಹೋಗಲಿ, ಮುಗಿಸಿಯೇ ಏಳುತ್ತೇನೆ.

ಇಲ್ಲಿಯ ಹೂಳುವ ಜಾಗ ನಮ್ಮ ರುದ್ರಭೂಮಿಯ ಹಾಗಲ್ಲ. ಹುಲ್ಲನ್ನು ಚಾಪೆಯ ಹಾಗೆ ತಂದು ಹಾಸುತ್ತಾರೆ. ಶೈಲಮ್ಮನ ಮೇಲಿನ ಮಣ್ಣು ಇನ್ನೂ ಕೂತಿಲ್ಲವೆಂದು ಕಲ್ಲು ನಿಲ್ಲಿಸಿಲ್ಲ, ಹೆಸರಿನ ಒಂದು ತಗಡಿನ ಗೂಟವಿದೆ ಅಷ್ಟೇ. ಮೊದಮೊದಲು ನಾನು ಅಡುಗೆಮನೆಯ ದೊಡ್ಡ ಚಮಚ ತಂದಿದ್ದೆ. ಹುಲ್ಲಿನ ಅಂಚು ಎತ್ತಿ ಕೆದಕುವಷ್ಟರಲ್ಲಿ ಒಣಗಿದ ಎಲೆಗಳನ್ನು ಗಾಳಿ ಯಂತ್ರದಿಂದ ಊದುತ್ತಿದ್ದ ಒಬ್ಬ ಮುದುಕ ಕೂಗಿದ: "ಹೇ! ನೋ ಡಿಗಿಂಗ್!"

"ಸರ್, ಓನ್ಲಿ ಎ ಸ್ಮಾಲ್ ಹೋಲ್" ಎಂದೆ.

"ಎವ್ರಿ ಹೋಲ್ ಸ್ಟಾರ್ಟ್ಸ್ ಸ್ಮಾಲ್" ಎಂದು ನನ್ನನ್ನು ಆಫೀಸಿಗೆ ಕರೆದುಕೊಂಡು ಹೋದ. ಆಫೀಸಿನ ಹೆಂಗಸು ಸಮಾಧಾನದಿಂದ ಕೇಳಿದಳು. ಮುಚ್ಚಿದ ಗುಂಡಿ ತೆರೆಯಬೇಕೆಂದರೆ ಸರಕಾರದ ಅಪ್ಪಣೆ ಬೇಕು, ಅದಕ್ಕೂ ಮೊದಲು ಕಾಗದಕ್ಕೆ ಸಹಿ ಮಾಡಿದವರ ಒಪ್ಪಿಗೆ ಬೇಕು ಎಂದಳು. ಸಹಿ ಮಾಡಿದವಳು ಅಕ್ಷಯಾ. ನಾನು "ಥ್ಯಾಂಕ್ ಯೂ, ಯುವರ್ಸ್ ಫೇತ್‌ಫುಲಿ" ಎಂದು ಎದ್ದುಬಂದೆ. ನಗಬೇಡ. ಬಾಯಿಗೆ ಬಂದದ್ದು ಅದೇ.

ಆಮೇಲೂ ದಿನಾ ಬಂದೆ. ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತು, ತಿರುಗಿ ಹೋಗುತ್ತಿದ್ದೆ. ಮೊನ್ನೆ ಆ ಮುದುಕನೇ ಹತ್ತಿರ ಬಂದ. ಇಲ್ಲಿ ಎಲೆಕ್ಷನ್ ಮುಗಿದರೂ ಗೆದ್ದವರಾರೆಂದು ಇನ್ನೂ ತೀರ್ಮಾನವಾಗಿಲ್ಲ, ಅದನ್ನು ಸ್ವಲ್ಪ ಬಯ್ದ. ಆಮೇಲೆ ತಾನಾಗಿಯೇ, ಹೂವಿನ ಗಡ್ಡೆ ನೆಡುವುದಾದರೆ ಅಡ್ಡಿಯಿಲ್ಲ, ಅದಕ್ಕೆ ನಿಯಮವಿದೆ, ಗೇಣುದ್ದಕ್ಕಿಂತ ಆಳ ಬೇಡ, ನೆಲ ಗಟ್ಟಿಯಾಗುವ ಮೊದಲು ನೆಟ್ಟುಬಿಡು ಎಂದ. ಚಳಿಗಾಲವೆಲ್ಲ ಮಣ್ಣಿನಲ್ಲಿದ್ದು ಏಪ್ರಿಲಿಗೆ ಹೂವಾಗುತ್ತವಂತೆ. ಅಂಗಡಿಯಲ್ಲಿ ತಂದೆ. ನಮ್ಮ ಉಳ್ಳಾಗಡ್ಡಿಯ ಹಾಗೆಯೇ ಇವೆ, ಸಿಪ್ಪೆ ಸಮೇತ.

ಇವತ್ತು ಮಧ್ಯಾಹ್ನ ಬಂದೆ. ತಲೆ ಯಾವ ಕಡೆಗಿದೆ ಎಂದು ಅವನನ್ನೇ ಕೇಳಿದೆ, ತೋರಿಸಿದ. ಅವಳ ಎಡಗೈ ಎಲ್ಲಿರಬಹುದೆಂದು ಅಂದಾಜು ಹಾಕಿ ಕೂತೆ. ಬಾಟಲಿಯ ನೀರಿನಲ್ಲಿ ಅವಳ ಲಿಂಗ ತೊಳೆದೆ. ನನ್ನ ಎಡ ಅಂಗೈಯಲ್ಲಿಟ್ಟು ವಿಭೂತಿ ಹಚ್ಚಿದೆ. ಹೆಂಡತಿಯ ಲಿಂಗಕ್ಕೆ ಗಂಡ ಪೂಜೆ ಮಾಡಿದ್ದನ್ನು ನೀನು ಎಲ್ಲಾದರೂ ಕೇಳಿದ್ದೀಯಾ? ಬೆಳಗಿನ ಪೂಜೆಯಲ್ಲಿ ಅವಳು ಕಣ್ಣು ಮುಚ್ಚಿ ಕೂತಾಗ, ನಾನು ಚಹಾ ಕೇಳಿದರೆ, ಕಣ್ಣು ತೆರೆಯದೆ ಬಲಗೈ ಎತ್ತಿ ತಡೆಯುತ್ತಿದ್ದಳು. ಇವತ್ತು ಯಾರೂ ತಡೆಯಲಿಲ್ಲ. ಗಾಳಿ ಮಾತ್ರ ಸುಯ್ಯೆಂದು ಹೊಡೆಯುತ್ತಿತ್ತು. ಗೇಣಿನಷ್ಟು ತೋಡಿದೆ, ಮಣ್ಣು ತಣ್ಣಗೆ, ಬೇರು ತುಂಬಿತ್ತು. ಲಿಂಗವನ್ನು ಕರಡಿಗೆಯೊಳಗೆ ಸೇರಿಸಿ, ಅವಳ ಕುಪ್ಪಸದ ತುಂಡಿನಲ್ಲಿ ಸುತ್ತಿ ಇಟ್ಟೆ. ಮೇಲೆ ಗಡ್ಡೆಗಳನ್ನಿಟ್ಟು ಮುಚ್ಚಿದೆ. ಮುದುಕ ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದ.

ಕೆಲಸ ಆಯಿತು ಎಂದು ಮೈ ಹಗುರಾಗಬೇಕಿತ್ತಲ್ಲವೇ? ಆಗಲಿಲ್ಲ. ಅವಳು ಎಷ್ಟೋ ಕೆಳಗಿದ್ದಾಳೆ, ಲಿಂಗ ಗೇಣಿನಷ್ಟು ಮೇಲಿದೆ. ನಡುವೆ ಆಳು ಮುಳುಗುವಷ್ಟು ಮಣ್ಣು, ಅದರ ಕೆಳಗೆ ಪೆಟ್ಟಿಗೆಯ ಮುಚ್ಚಳ, ಅದರ ಕೆಳಗೆ ಬರಿಗೈ. ಇದು ಕೊಟ್ಟ ಹಾಗಾಯಿತೇ? ಬಾಗಿಲಲ್ಲಿ ಇಟ್ಟು ಬಂದ ಹಾಗಾಯಿತೇ? ನೀನು ಸಲ್ಲುತ್ತದೆ ಎನ್ನುತ್ತೀ, ನನಗೆ ಗೊತ್ತು. ಗೆಳೆಯನಾಗಿ ಎನ್ನುತ್ತೀ. ಹಿರೇಮಠದ ಅಯ್ಯನಾಗಿ ಏನು ಹೇಳುತ್ತೀ? ಈ ಕಾಗದ ನಿನಗೆ ಮುಟ್ಟುವ ಮೊದಲು ನಾನೇ ಗದಗಿಗೆ ಬಂದಿರುತ್ತೇನೆ. ಎದುರಿಗೆ ಕೂತು ಕೇಳಲು ನನಗೆ ಧೈರ್ಯವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಿದ ಮೇಲೆ ನೀನಾಗಿಯೇ ಬಾ. ಏನೂ ಹೇಳುವುದಿಲ್ಲವಾದರೆ ಸುಮ್ಮನೆ ಕಟ್ಟೆಯ ಮೇಲೆ ಕೂತು ಹೋಗು.

ಬುಧವಾರದ ಮೇಲೆ ಇಲ್ಲಿಗೆ ಯಾರು ಬರುತ್ತಾರೆ ಎಂಬುದೂ ನನಗೆ ತಿಳಿಯದು. ಅಕ್ಷಯಾಗೆ ಕೂಸು. ಮೃತ್ಯುಂಜಯ ಕ್ಯಾಲಿಫೋರ್ನಿಯಾದ ಕಂಪನಿಯವರ ಜೊತೆ ಫೋನಿನಲ್ಲಿ ಮಾತಾಡುತ್ತಿರುತ್ತಾನೆ. ಅಲ್ಲಿ ಈಗ ಎಲ್ಲರನ್ನೂ ಕರೆಯುತ್ತಿದ್ದಾರಂತೆ. ಹೋಗಬಾರದು ಎಂದು ಹೇಳಲು ನಾನು ಯಾರು? ಅವರು ಹೋದರೆ ಈ ಊರಿನಲ್ಲಿ ಶೈಲಮ್ಮನನ್ನು ಬಲ್ಲವರು ಒಬ್ಬರೂ ಇರುವುದಿಲ್ಲ. ಆ ಟಿಕೆಟ್ಟಿನ ಹೆಂಗಸು ಒಬ್ಬಳು, ಅವಳಿಗೂ

ಬರೆದದ್ದು ಕಾಣಲೊಲ್ಲದು. ಇನ್ನೂ ನಾಲ್ಕೂವರೆ, ಇಲ್ಲಿ ಈಗ ಇಷ್ಟಕ್ಕೇ ಹೊತ್ತು ಮುಳುಗುತ್ತದೆ. ಮುಂದಿನ ಟ್ರಾಮಿನ ದೀಪ ಕಾಣುತ್ತ ಇದೆ. ನಿಲ್ಲಿಸುತ್ತೇನೆ. ನಿನ್ನ ಮನೆಯವರಿಗೆ ಶರಣು ಹೇಳು. ಮಕ್ಕಳು ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ, ನಿಮ್ಮ ಮನೆಯ ದೀಪಗಳು ತಣ್ಣಗೆ ಉರಿಯಲಿ.

ನಿನ್ನ
ಅಮರೇಶ್ವರ

ತಾ.ಕ.: ಶನಿವಾರ. ಕಾಗದ ನಿನ್ನೆ ಡಬ್ಬಿಗೆ ಹಾಕಿರಲಿಲ್ಲ. ಬೆಳಗ್ಗೆ ಅಕ್ಷಯಾ ನನ್ನ ಪೆಟ್ಟಿಗೆ ತುಂಬಲು ಕೂತವಳು ಆ ಬಟ್ಟೆಯ ಚೀಲ ಹೊರಗೆ ತೆಗೆದಳು. ಕೈ ಹಾಕಿ ನೋಡಿದಳು. ನೆಲದ ಮೇಲೆ ಎಲ್ಲ ಸುರಿದಳು.

"ಅಪ್ಪಾ, ಇದರಾಗ ಅಮ್ಮನ ಕರಡಿಗಿ ಇತ್ತಲ್ಲ?"

"ಕರಡಿಗಿ ಆಕಿ ಕೂಡಽ ಹೋತಲ್ಲವಾ" ಎಂದೆ.

"ಇಲ್ಲ್ರಿ. ನಾನಽ ತಗಸಿದೆ. ಪೆಟ್ಟಿಗಿ ಮುಚ್ಚೂದಕ್ಕಿಂತ ಮೊದ್ಲ ಆ ಸೂಟಿನವಗ ಹೇಳಿ ಬಿಚ್ಚಿಸಿದೆ. ನಿಮಗ ಹೇಳಿದ್ರ ಬಿಡತಿದ್ದಿಲ್ಲ ನೀವು. ನೀವು ಊರಿಗೆ ಹೊಂಟ್ರಿ. ಇಲ್ಲೆ ನನಗ ಅಮ್ಮಂದು ಅಂತ ಏನ ಉಳೀತು ಹೇಳ್ರಿ? ಸೀರಿ ಒಗದ್ರ ವಾಸನಿ ಹೋಗ್ತದ. ದಿನಾ ಆಕಿ ಅಂಗೈಯಾಗ ಹಿಡೀತಿದ್ದದ್ದು ಅದೊಂದಽ. ತಲಿದಿಂಬಿನ ಕೆಳಗ ಇಟ್ಕೋಬೇಕಂತ ಮಾಡಿದ್ದೆ. ನೀವು ಹೋಗೂತನಕಾ ಸುಮ್ನಿದ್ದೆ."

ಮತ್ತೆ ಚೀಲ ಒದರಿದಳು. ಕಪಾಟಿನ ಬಟ್ಟೆಯೆಲ್ಲ ತೆಗೆದಳು. ಮೃತ್ಯುಂಜಯ ಆ ಸೂಟಿನವರ ಆಫೀಸಿಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಏರಿದ ದನಿಯಲ್ಲಿ ಕೇಳತೊಡಗಿದ. ಅವರು ಎಲ್ಲ ಕೊಟ್ಟಿದ್ದೇವೆ ಎಂದಿರಬೇಕು. ಅಕ್ಷಯಾ ನೆಲದ ಮೇಲೆ ಬಳೆಗಳ ನಡುವೆ ಕೂತುಬಿಟ್ಟಳು.

"ನಾ ಸುಮ್ನ ಬಿಟ್ಟಿದ್ರ ಆಕಿ ಕೈಯಾಗರ ಇರತಿತ್ತು ಅಪ್ಪಾ. ಈಗ ಆಕಿಗೂ ಇಲ್ಲ, ನನಗೂ ಇಲ್ಲ."

ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣು ಇತ್ತು. ಕೈ ಹಿಂದೆ ಕಟ್ಟಿಕೊಂಡು ನಿಂತೆ, ಪಂಚಾಕ್ಷರಿ.